ಪೋಸ್ಟ್‌ಫಿಕ್ಸ್: ಅನುಮಾನದ ಇಮೇಲ್‌ಗಳನ್ನು ತಡೆಯದೆ ಗುರುತು ಮಾತ್ರ ಹಾಕುವುದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಒಂದು ಪತ್ತಿನ ಸಹಕಾರ ಸಂಘದ ಇಮೇಲ್ ಸರ್ವರ್ ನನ್ನ ಉಸ್ತುವಾರಿಯಲ್ಲಿದೆ. ಡೆಬಿಯನ್ (ಲಿನಕ್ಸ್ ವ್ಯವಸ್ಥೆ) ಮೇಲೆ ಪತ್ರ ಪಡೆಯಲು, ಕಳುಹಿಸಲು ಪೋಸ್ಟ್‌ಫಿಕ್ಸ್, ಪತ್ರ ಓದಲು ಡವ್‌ಕಾಟ್. ಶಾಖೆಗಳೂ ಸೇರಿ ಅರವತ್ತರಷ್ಟು ಖಾತೆಗಳಿವೆ.

ಲೆಕ್ಕಪತ್ರ ವಿಭಾಗಕ್ಕೆ ನಮ್ಮ ಅಧ್ಯಕ್ಷರ ಹೆಸರಿನಲ್ಲಿ ಸುಳ್ಳು ಪತ್ರಗಳು ಬರುತ್ತಿವೆ. ಧಾಟಿ ಒಂದೇ: ಸಭೆಯಲ್ಲಿದ್ದೇನೆ, ಫೋನ್ ಮಾಡಬೇಡಿ, ಈ ಖಾತೆಗೆ ಇಂದೇ ಹಣ ಹಾಕಿ. ಹೆಸರು ಅಧ್ಯಕ್ಷರದೇ, ವಿಳಾಸ ಮಾತ್ರ ಯಾವುದೋ ಉಚಿತ ಇಮೇಲ್‌ನದು. ಇದಲ್ಲದೆ ರಿವರ್ಸ್ ಡಿಎನ್‌ಎಸ್ (ಐಪಿ ವಿಳಾಸದಿಂದ ಸರ್ವರ್ ಹೆಸರು ತಿಳಿಸುವ ದಾಖಲೆ) ಇಲ್ಲದ ಐಪಿಗಳಿಂದಲೂ ಸಾಕಷ್ಟು ಕಸ ಬರುತ್ತಿದೆ. ಅವನ್ನು ನೇರವಾಗಿ ತಿರಸ್ಕರಿಸುವ ಧೈರ್ಯ ನನಗಿಲ್ಲ. ನಮ್ಮೊಡನೆ ವ್ಯವಹರಿಸುವ ಕೆಲವು ಸಣ್ಣ ಕಚೇರಿಗಳ ಸರ್ವರ್‌ಗಳಿಗೂ ರಿವರ್ಸ್ ದಾಖಲೆ ಇಲ್ಲ. ಸದಸ್ಯರೊಬ್ಬರ ಸಾಲದ ಕಾಗದ ಹಾಗೆ ಕಳೆದುಹೋದರೆ ಹೊಣೆ ನಮ್ಮದೇ.

ಆದ್ದರಿಂದ ಪತ್ರ ಬರಲಿ, ತಲೆಯಲ್ಲಿ ಒಂದು ಗುರುತು ಇರಲಿ ಎಂದು ಆಕ್ಸೆಸ್ ಕೋಷ್ಟಕದ (ಯಾರಿಂದ ಬಂದರೆ ಏನು ಮಾಡಬೇಕೆಂಬ ಪಟ್ಟಿ) ಪ್ರಿಪೆಂಡ್ ಕ್ರಿಯೆ, ಅಂದರೆ ಪತ್ರದ ತಲೆಗೆ ಒಂದು ಹೆಡರ್ ಸಾಲು ಸೇರಿಸುವ ಕ್ರಿಯೆ, ಬಳಸುತ್ತಿದ್ದೇನೆ. ಹೆಡರ್ ಹೆಸರು ಎಕ್ಸ್-ಸಂಘ-ಎಚ್ಚರ. ಎರಡು ಸಂಗತಿ ಅರ್ಥವಾಗುತ್ತಿಲ್ಲ. ಮೂವರಿಗೆ ಬಂದ ಪತ್ರದಲ್ಲಿ ಅದೇ ಹೆಡರ್ ಮೂರು ಸಲ ಕಾಣುತ್ತದೆ. ಅಧ್ಯಕ್ಷರ ಹೆಸರಿನ ಸುಳ್ಳು ಪತ್ರಕ್ಕಂತೂ ಗುರುತೇ ಬೀಳುವುದಿಲ್ಲ. ತಿಳಿದವರು ದಾರಿ ತೋರಿಸಬೇಕು.

ಅಂಚೆಮನೆ

ಪೋಸ್ಟ್‌ಕಾನ್ಫ್ -ಎನ್ (ಸಂರಚನೆ ತೋರಿಸುವ ಆದೇಶ) ಕೊಡುವ ಉತ್ತರದಲ್ಲಿ ರಿಸ್ಟ್ರಿಕ್ಷನ್ಸ್ ಎಂದು ಮುಗಿಯುವ ಸಾಲುಗಳನ್ನು, ಅಂದರೆ ತಪಾಸಣೆಯ ನಿಯಮಗಳ ಪಟ್ಟಿಗಳನ್ನು, ಇಲ್ಲಿ ಹಾಕಿ. ಕೋಷ್ಟಕದ ಒಂದೆರಡು ಸಾಲೂ ಬೇಕು. ಸ್ವಂತ ಡೊಮೇನ್ ಹೆಸರು ಅಳಿಸಿ ಹಾಕಿ.

ತುಂಗಾತೀರ

ಎಲ್ಲವೂ ರೆಸಿಪಿಯೆಂಟ್ (ಪತ್ರ ಪಡೆಯುವವರ) ಪಟ್ಟಿಯಲ್ಲೇ ಇದೆ, ಈ ಕ್ರಮದಲ್ಲಿ (ಮೊದಲೆರಡು ಸಾಲು ನಮ್ಮ ಜಾಲದವರನ್ನೂ ಲಾಗಿನ್ ಆದವರನ್ನೂ ದಾಟಿಸುತ್ತವೆ, ಕೊನೆಯದು ನಮ್ಮದಲ್ಲದ ಡೊಮೇನ್‌ಗೆ ಹೋಗುವ ಪತ್ರವನ್ನು ತಡೆಯುತ್ತದೆ):

ಎಸ್‌ಎಂಟಿಪಿಡಿ_ರೆಸಿಪಿಯೆಂಟ್_ರಿಸ್ಟ್ರಿಕ್ಷನ್ಸ್ =
 ಪರ್ಮಿಟ್_ಮೈನೆಟ್‌ವರ್ಕ್ಸ್,
 ಪರ್ಮಿಟ್_ಎಸ್‌ಎಎಸ್‌ಎಲ್_ಅಥೆಂಟಿಕೇಟೆಡ್,
 ಚೆಕ್_ಕ್ಲಯಂಟ್_ಆಕ್ಸೆಸ್ (ಗುರುತಿನ ಕೋಷ್ಟಕ),
 ಚೆಕ್_ಸೆಂಡರ್_ಆಕ್ಸೆಸ್ (ಕಳುಹಿಸುವವರ ಕೋಷ್ಟಕ),
 ರಿಜೆಕ್ಟ್_ಅನ್‌ಆಥ್_ಡೆಸ್ಟಿನೇಶನ್

ಗುರುತಿನ ಕೋಷ್ಟಕದಲ್ಲಿ ಎಡಕ್ಕೆ 'ಅನ್‌ನೋನ್' (ಹೆಸರು ದೃಢಪಡದ ಸರ್ವರ್), ಬಲಕ್ಕೆ 'ಪ್ರಿಪೆಂಡ್ ಎಕ್ಸ್-ಸಂಘ-ಎಚ್ಚರ: ಹೋಸ್ಟ್'. ಕಳುಹಿಸುವವರ ಕೋಷ್ಟಕದಲ್ಲಿ ನಮಗೆ ಪರಿಚಯದ ಕೆಲವು ಡೊಮೇನ್‌ಗಳ ಮುಂದೆ 'ಓಕೆ' ಎಂದಿದೆ. ಕಡತದಲ್ಲಿ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇದೆ. ಹೊಸದಾಗಿ ಕಲಿಯುವವರಿಗೂ ಓದಲು ಸುಲಭವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಅಂಚೆಮನೆ

ಮೊದಲು ಅತಿ ಅಪಾಯದ ಸಾಲನ್ನು ಹೇಳುತ್ತೇನೆ, ಅದನ್ನು ಇವತ್ತೇ ಸರಿಪಡಿಸಿ. ರಿಜೆಕ್ಟ್_ಅನ್‌ಆಥ್_ಡೆಸ್ಟಿನೇಶನ್‌ಗಿಂತ ಮೇಲೆ 'ಓಕೆ' ಕೊಡುವ ಕಳುಹಿಸುವವರ ಕೋಷ್ಟಕ ಇರಲೇಬಾರದು. ಕಳುಹಿಸುವವರ ವಿಳಾಸವನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ನಿಮ್ಮ ಪರಿಚಯದ ಡೊಮೇನ್ ಹೆಸರು ಹೇಳಿಕೊಂಡು ಬಂದವನಿಗೆ 'ಓಕೆ' ಸಿಕ್ಕಿತೆಂದರೆ ಆ ಪಟ್ಟಿಯ ತಪಾಸಣೆ ಅಲ್ಲಿಗೇ ಮುಗಿಯುತ್ತದೆ. ಮುಂದೆ ಅವನು ನಿಮ್ಮ ಸರ್ವರ್ ಮೂಲಕ ಲೋಕಕ್ಕೆಲ್ಲ ಪತ್ರ ಕಳುಹಿಸಬಹುದು. ಇದಕ್ಕೇ 2013ರಲ್ಲಿ ಬಂದ ಪೋಸ್ಟ್‌ಫಿಕ್ಸ್ 2.10ರಲ್ಲಿ ರಿಲೇ (ಹೊರಗಿನವರಿಗೆ ಹೋಗುವ ಪತ್ರವನ್ನು ಸಾಗಿಸಿಕೊಡುವುದು) ತೀರ್ಮಾನಕ್ಕೆಂದು ಎಸ್‌ಎಂಟಿಪಿಡಿ_ರಿಲೇ_ರಿಸ್ಟ್ರಿಕ್ಷನ್ಸ್ ಎಂಬ ಪ್ರತ್ಯೇಕ ಪಟ್ಟಿ ತಂದರು. ನಿಮ್ಮಲ್ಲಿ ಅದು ಖಾಲಿ ಇದೆಯೇ ನೋಡಿ. ಹಳೆಯ ಸಂರಚನೆಯನ್ನು ವರ್ಷಗಟ್ಟಲೆ ಹೊತ್ತು ತಂದ ಸರ್ವರ್‌ಗಳಲ್ಲಿ ಖಾಲಿ ಬಿಟ್ಟಿರುವುದುಂಟು. ಅದು ಸರಿಯಾಗಿದ್ದರೆ ಈ 'ಓಕೆ'ಯಿಂದ ರಿಲೇ ತೆರೆದುಕೊಳ್ಳುವುದಿಲ್ಲ.

ಇನ್ನು ಮೂರು ಹೆಡರ್‌ಗಳ ವಿಷಯ. ಎಸ್‌ಎಂಟಿಪಿಡಿ_ಡಿಲೇ_ರಿಜೆಕ್ಟ್ ಎಂಬುದು ಮೂಲ ಸ್ಥಿತಿಯಲ್ಲೇ 'ಯೆಸ್'. ಹಾಗಾಗಿ ಕ್ಲಯಂಟ್, ಹೆಲೋ (ಬಂದ ಸರ್ವರ್ ತನ್ನ ಹೆಸರು ಹೇಳುವ ಆದೇಶ), ಸೆಂಡರ್ ಯಾವ ಪಟ್ಟಿಯಲ್ಲಿ ನಿಯಮ ಬರೆದರೂ ತಪಾಸಣೆ ನಡೆಯುವುದು ಆರ್‌ಸಿಪಿಟಿ ಆದೇಶ, ಅಂದರೆ ಪತ್ರ ಯಾರಿಗೆ ಎಂದು ಒಬ್ಬೊಬ್ಬರ ಹೆಸರು ಹೇಳುವ ಆದೇಶ, ಬಂದಾಗ. ಮೂವರಿಗೆ ಪತ್ರ ಎಂದರೆ ಆರ್‌ಸಿಪಿಟಿ ಮೂರು, ತಪಾಸಣೆ ಮೂರು, ಪ್ರಿಪೆಂಡ್ ಮೂರು. ನಿಯಮವನ್ನು ಸೆಂಡರ್ ಪಟ್ಟಿಗೆ ವರ್ಗಾಯಿಸಿದರೂ ಇದೇ ಗತಿ. ಗುರುತು ಹಾಕುವ ನಿಯಮಗಳೆಲ್ಲ ಡೇಟಾ ಪಟ್ಟಿಗೆ ಹೋಗಬೇಕು:

ಎಸ್‌ಎಂಟಿಪಿಡಿ_ಡೇಟಾ_ರಿಸ್ಟ್ರಿಕ್ಷನ್ಸ್ =
 ಪರ್ಮಿಟ್_ಮೈನೆಟ್‌ವರ್ಕ್ಸ್,
 ಪರ್ಮಿಟ್_ಎಸ್‌ಎಎಸ್‌ಎಲ್_ಅಥೆಂಟಿಕೇಟೆಡ್,
 ಚೆಕ್_ಕ್ಲಯಂಟ್_ಆಕ್ಸೆಸ್ (ವಿನಾಯಿತಿ ಕೋಷ್ಟಕ),
 ಚೆಕ್_ಕ್ಲಯಂಟ್_ಆಕ್ಸೆಸ್ (ಗುರುತಿನ ಕೋಷ್ಟಕ)

ಪತ್ರವನ್ನೇ ಕಳುಹಿಸುವ ಮುನ್ನ ಬರುವ ಡೇಟಾ ಆದೇಶ ಪತ್ರಕ್ಕೊಂದೇ ಬರುತ್ತದೆ. ಎಷ್ಟು ಜನರಿಗೆ ಹೋದರೂ ಹೆಡರ್ ಒಂದೇ. ಇನ್ನೊಂದು ಲಾಭವೂ ಇದೆ. ಪತ್ರ ಯಾರಿಗೆ ಹೋಗಬಹುದು ಎಂಬ ತೀರ್ಮಾನ ಆ ಹೊತ್ತಿಗೆ ಆಗಿಹೋಗಿರುತ್ತದೆ. ಹಾಗಾಗಿ ಇಲ್ಲಿ ಕೊಡುವ 'ಓಕೆ'ಗೆ ಗುರುತಿನಿಂದ ವಿನಾಯಿತಿ ಎಂಬಷ್ಟೇ ಅರ್ಥ, ಅದರಿಂದ ರಿಲೇ ತೆರೆದುಕೊಳ್ಳುವುದಿಲ್ಲ. ಎಂಡ್_ಆಫ್_ಡೇಟಾ ಪಟ್ಟಿಯಲ್ಲಿ ಮಾತ್ರ ಪ್ರಿಪೆಂಡ್ ಹಾಕಬೇಡಿ. ಪತ್ರದ ಒಡಲು ಬಂದ ಮೇಲೆ ತಲೆಗೆ ಸೇರಿಸಲು ಆಗುವುದಿಲ್ಲ.

ವಿನಾಯಿತಿಯನ್ನು ಐಪಿ ಅಥವಾ ದೃಢಪಟ್ಟ ಹೋಸ್ಟ್ ಹೆಸರಿನ ಮೇಲೆ ಕೊಡಿ, ಕಳುಹಿಸುವವರ ವಿಳಾಸದ ಮೇಲೆ ಎಂದಿಗೂ ಬೇಡ. ಆ ಸಣ್ಣ ಕಚೇರಿಗಳ ಐಪಿಗಳು ನಿಮ್ಮ ಲಾಗ್‌ನಲ್ಲೇ ಸಿಗುತ್ತವೆ.

ಬಯಲುಸೀಮೆ

ಇಷ್ಟೆಲ್ಲ ಯಾಕೆ ಎಂಬುದು ನನ್ನ ಪ್ರಶ್ನೆ. ರಿವರ್ಸ್ ಡಿಎನ್‌ಎಸ್ ಇಲ್ಲದವರನ್ನು ಗೂಗಲ್‌ನವರೇ 5.7.25 ಸಂಖ್ಯೆಯ ಸಂದೇಶ ಕೊಟ್ಟು ತಿರಸ್ಕರಿಸುತ್ತಾರೆ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಪತ್ರ ಕಳುಹಿಸುವವರೆಲ್ಲರಿಗೂ ಎಸ್‌ಪಿಎಫ್ (ಯಾವ ಐಪಿಗಳಿಂದ ಪತ್ರ ಬರಬಹುದೆಂಬ ಡೊಮೇನಿನ ದಾಖಲೆ) ಅಥವಾ ಡಿಕಿಮ್ (ಡೊಮೇನ್ ಪತ್ರಕ್ಕೆ ಹಾಕುವ ಡಿಜಿಟಲ್ ಸಹಿ) ಕಡ್ಡಾಯವಾಗಿದೆ. ದಿನಕ್ಕೆ 5000ಕ್ಕಿಂತ ಹೆಚ್ಚು ಕಳುಹಿಸುವವರಿಗೆ ಡಿಮಾರ್ಕ್ (ಅವು ಫ್ರಮ್ ವಿಳಾಸಕ್ಕೆ ಹೊಂದದಿದ್ದರೆ ಏನು ಮಾಡಬೇಕೆಂಬ ಡೊಮೇನಿನ ನೀತಿ) ಕೂಡ ಬೇಕು. ಆ ಕಚೇರಿಗಳ ಪತ್ರ ಜಿಮೇಲ್‌ಗೇ ಹೋಗದಿದ್ದರೆ ಅವರೇ ತಮ್ಮ ಸರ್ವರ್ ಸರಿಪಡಿಸಿಕೊಳ್ಳುತ್ತಾರೆ. ನಾವು ಸಹಿಸಿಕೊಂಡಷ್ಟು ದಿನ ಕೆಟ್ಟ ಸರ್ವರ್‌ಗಳು ಹಾಗೆಯೇ ಇರುತ್ತವೆ. ತಿರಸ್ಕರಿಸಿದರೆ ಕಳುಹಿಸಿದವನಿಗೆ ವಿಷಯವಾದರೂ ಗೊತ್ತಾಗುತ್ತದೆ. ಗುರುತು ಹಾಕಿದ ಪತ್ರ ಯಾರೂ ತೆರೆಯದ ಫೋಲ್ಡರ್‌ನಲ್ಲಿ ಕೊಳೆಯುತ್ತದೆ, ಅದು ಹೆಚ್ಚು ಕೆಟ್ಟದ್ದು.

ಅಂಚೆಮನೆ

ಕೊನೆಯ ಮಾತು ಒಪ್ಪುತ್ತೇನೆ. ತಿರಸ್ಕಾರ ಪ್ರಾಮಾಣಿಕವಾದದ್ದು, ಸದ್ದಿಲ್ಲದೆ ಬಚ್ಚಿಡುವುದು ಅಲ್ಲ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಪೋಸ್ಟ್‌ಫಿಕ್ಸ್ 'ಅನ್‌ನೋನ್' ಎಂದು ಬರೆಯುವುದು ಒಂದೇ ಕಾರಣಕ್ಕಲ್ಲ. ರಿವರ್ಸ್ ದಾಖಲೆ ಇಲ್ಲದಿದ್ದರೂ 'ಅನ್‌ನೋನ್'. ರಿವರ್ಸ್ ಹೆಸರು ಇದ್ದು, ಆ ಹೆಸರು ಮರಳಿ ಅದೇ ಐಪಿಗೆ ಹೊಂದದಿದ್ದರೂ 'ಅನ್‌ನೋನ್'. ನಮ್ಮದೇ ಡಿಎನ್‌ಎಸ್ ಆ ಕ್ಷಣ ಉತ್ತರಿಸದಿದ್ದರೂ 'ಅನ್‌ನೋನ್'. ರಿಜೆಕ್ಟ್_ಅನ್‌ನೋನ್_ಕ್ಲಯಂಟ್_ಹೋಸ್ಟ್‌ನೇಮ್ ಮೂಲ ಸ್ಥಿತಿಯಲ್ಲಿ 450 ಎಂಬ ತಾತ್ಕಾಲಿಕ ಉತ್ತರ ಕೊಡುವುದರ ಹಿಂದೆ ಈ ಅನಿಶ್ಚಿತತೆಯೇ ಇದೆ. ಆಕ್ಸೆಸ್ ಕೋಷ್ಟಕದಲ್ಲಿ 'ಅನ್‌ನೋನ್' ಎಂದು ಬರೆದು 'ರಿಜೆಕ್ಟ್' ಹಾಕಿದರೆ ಮೂರಕ್ಕೂ ಒಂದೇ ಶಿಕ್ಷೆ.

ಖಚಿತವಾದದ್ದನ್ನು ತಿರಸ್ಕರಿಸಬೇಕು, ಅನುಮಾನ ಮಾತ್ರ ಇರುವುದಕ್ಕೆ ಗುರುತು ಹಾಕಬೇಕು. ಅಸ್ತಿತ್ವದಲ್ಲೇ ಇಲ್ಲದ ಡೊಮೇನಿನಿಂದ ಬಂದದ್ದು ಖಚಿತ, ತಿರಸ್ಕರಿಸಿ. ಹೊರಗಿನ ಸರ್ವರ್ ಒಂದು ಹೆಲೋದಲ್ಲಿ ನಿಮ್ಮದೇ ಹೆಸರು ಹೇಳಿಕೊಂಡು ಬಂದರೆ ಅದೂ ಖಚಿತ. ಹೋಸ್ಟ್ ಹೆಸರು ಹೊಂದಿಕೆಯಾಗದಿರುವುದು ಅನುಮಾನ ಅಷ್ಟೇ.

ತಿರಸ್ಕರಿಸಲೇಬೇಕು ಎಂದಿದ್ದರೆ ಮೊದಲು ಆ ನಿಯಮದ ಮುಂದೆ ವಾರ್ನ್_ಇಫ್_ರಿಜೆಕ್ಟ್ ಎಂದು ಹಾಕಿ. ಪತ್ರ ಒಳಗೆ ಬರುತ್ತದೆ, ಲಾಗ್‌ನಲ್ಲಿ 'ರಿಜೆಕ್ಟ್_ವಾರ್ನಿಂಗ್' ಎಂದು ಬೀಳುತ್ತದೆ. ಒಂದು ತಿಂಗಳ ಕೊನೆಯ ವಾರ, ಅಂದರೆ ಸಂಬಳ, ಕಂತು, ಜಿಎಸ್‌ಟಿ ಪತ್ರಗಳೆಲ್ಲ ಓಡಾಡುವ ಕಾಲ, ಆ ಲಾಗ್‌ನಲ್ಲಿ ಹಾದುಹೋಗಲಿ. ಯಾರು ಸಿಕ್ಕಿಬೀಳುತ್ತಿದ್ದರು ಎಂಬುದು ಕಣ್ಣಾರೆ ಕಾಣುತ್ತದೆ.

ನೇತ್ರಾವತಿ

ತುಂಗಾತೀರ ಅವರೇ, ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ, ಹಣ ಹೋಗುವುದು ಅದರಲ್ಲೇ.

ಚೆಕ್_ಸೆಂಡರ್_ಆಕ್ಸೆಸ್ ನೋಡುವುದು ಎಂಎಐಎಲ್ ಫ್ರಮ್ ಆದೇಶದಲ್ಲಿರುವ ಲಕೋಟೆಯ ವಿಳಾಸವನ್ನು. ನಿಮ್ಮ ಲೆಕ್ಕಿಗರು ನೋಡುವುದು ಪತ್ರದೊಳಗಿನ ಫ್ರಮ್ ಸಾಲನ್ನು, ಅದರಲ್ಲೂ ಮೊಬೈಲ್ ತೋರಿಸುವ ಹೆಸರನ್ನು ಮಾತ್ರ. ಎರಡೂ ಬೇರೆ. ಈ ವಂಚನೆಯಲ್ಲಿ ಲಕೋಟೆ ಶುದ್ಧವಾಗಿಯೇ ಇರುತ್ತದೆ: ನಿಜವಾದ ಉಚಿತ ಖಾತೆ, ಎಸ್‌ಪಿಎಫ್ ಸರಿ, ಡಿಕಿಮ್ ಸರಿ, ಡಿಮಾರ್ಕ್ ಕೂಡ ಸರಿ. ಸುಳ್ಳು ಇರುವುದು ಹೆಸರಿನಲ್ಲಿ ಮಾತ್ರ. ಆಕ್ಸೆಸ್ ಕೋಷ್ಟಕ ಅಲ್ಲಿಗೆ ತಲುಪುವುದೇ ಇಲ್ಲ, ಅದಕ್ಕೆ ಪತ್ರದೊಳಗಿನ ಹೆಡರ್ ಸಾಲುಗಳನ್ನು ನೋಡುವ ಹೆಡರ್_ಚೆಕ್ಸ್ ಬೇಕು.

ಪಿಸಿಆರ್‌ಇ (ಸಾಲನ್ನು ಒಂದು ವಿನ್ಯಾಸಕ್ಕೆ ಹೊಂದಿಸಿ ನೋಡುವ) ಕೋಷ್ಟಕದಲ್ಲಿ ಹೀಗೆ ಮಾಡಬಹುದು. ಫ್ರಮ್ ಸಾಲಿನಲ್ಲಿ ಅಧ್ಯಕ್ಷರ ಹೆಸರಿದ್ದರೆ ಎಂದು 'ಇಫ್' ತೆರೆಯಿರಿ. ಒಳಗೆ ಮೊದಲ ಸಾಲು: ಅಧ್ಯಕ್ಷರ ಸ್ವಂತ ಖಾತೆಯ ವಿಳಾಸವಿದ್ದರೆ 'ಡನ್ನೋ' (ಏನೂ ಮಾಡದೆ ಬಿಡು). ಎರಡನೆಯ ಸಾಲು: ಸಂಘದ ಡೊಮೇನ್ ಇಲ್ಲದಿದ್ದರೆ (ವಿನ್ಯಾಸದ ಮುಂದೆ ಆಶ್ಚರ್ಯಸೂಚಕ ಚಿಹ್ನೆ) 'ಪ್ರಿಪೆಂಡ್ ಎಕ್ಸ್-ಸಂಘ-ಎಚ್ಚರ: ಹೆಸರು'. ಆಮೇಲೆ 'ಎಂಡ್‌ಇಫ್'. ವಿಳಾಸವನ್ನು ಹೊಂದಿಸುವಾಗ ಕೋನದ ಆವರಣದ ಚಿಹ್ನೆಯನ್ನೂ ಸೇರಿಸಿ. ಇಲ್ಲದಿದ್ದರೆ ಉದ್ಧರಣ ಚಿಹ್ನೆಯೊಳಗೆ ನಿಮ್ಮ ಡೊಮೇನ್ ಬರೆದುಕೊಂಡು ಬರುವ ಚತುರರು ತಪ್ಪಿಸಿಕೊಳ್ಳುತ್ತಾರೆ. ಪಿಸಿಆರ್‌ಇ ಕೋಷ್ಟಕಕ್ಕೆ ಪೋಸ್ಟ್‌ಮ್ಯಾಪ್ (ಕೋಷ್ಟಕವನ್ನು ಬಳಕೆಗೆ ಸಿದ್ಧಪಡಿಸುವ ಆದೇಶ) ಓಡಿಸುವ ಅಗತ್ಯವಿಲ್ಲ, ರೀಲೋಡ್ ಸಾಕು.

ಕನ್ನಡದಲ್ಲಿ ವ್ಯವಹರಿಸುವ ನಮಗೆ ಇಲ್ಲೊಂದು ತೊಡಕು. ಹೆಡರ್_ಚೆಕ್ಸ್ ನೋಡುವುದು ಕಚ್ಚಾ ಸಾಲನ್ನು, ಬಿಡಿಸಿದ ರೂಪವನ್ನಲ್ಲ. ಅಧ್ಯಕ್ಷರ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಅದು ಸಾಮಾನ್ಯವಾಗಿ ಬೇಸ್64 (ಬೈಟ್‌ಗಳನ್ನು ಇಂಗ್ಲಿಷ್ ಅಕ್ಷರ, ಅಂಕಿಗಳಾಗಿ ಬರೆಯುವ ಕ್ರಮ) ಆಗಿ ಬರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಬೇಸ್64 ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರ ಮಾಡುತ್ತದೆ. ಉದಾಹರಣೆಗೆ 'ಕ' ಎಂಬುದು 4, ಎಲ್, ಕೆ, ವಿ ಎಂಬ ನಾಲ್ಕು ಅಕ್ಷರಗಳಾಗುತ್ತದೆ. ಬರಿಯ ಕನ್ನಡ ಪದವಾದರೆ ನಾಲ್ಕು ನಾಲ್ಕರ ಕಟ್ಟುಗಳು ಸರಿಯಾಗಿ ಕೂರುತ್ತವೆ, ಆ ಸರಣಿಯನ್ನೇ ವಿನ್ಯಾಸವಾಗಿ ಹಾಕಬಹುದು. ಆದರೆ ಹೆಸರಿನ ಮುಂದೆ ಒಂದು ಖಾಲಿ ಜಾಗ ಅಥವಾ ಚುಕ್ಕಿ ಸೇರಿದರೆ ಸಾಕು, ಕಟ್ಟುಗಳು ಜಾರಿ ಪೂರಾ ಬೇರೆಯೇ ಸರಣಿ ಬರುತ್ತದೆ. ಮೂರು ಬಗೆಯ ಜಾರುವಿಕೆಗೂ ವಿನ್ಯಾಸ ಬರೆಯಬೇಕಾಗುತ್ತದೆ. ಕನ್ನಡ ಹೆಸರಿನ ತಪಾಸಣೆಗೆ ಬಿಡಿಸಿ ಓದುವ ಆರ್‌ಸ್ಪ್ಯಾಮ್‌ಡಿಯಂಥ ಕಸಪತ್ರ ಪತ್ತೆಹಚ್ಚುವ ಉಪಕರಣವೇ ಸರಿ.

ಬಯಲುಸೀಮೆ

ನೇತ್ರಾವತಿ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹಳೆಯ ಸಂರಚನೆಗಳಲ್ಲಿ ಒಂದು ನಿಯಮ ಆಗಾಗ ಕಾಣುತ್ತದೆ: ವಿಷಯದ ಸಾಲು ಬೇಸ್64ನಲ್ಲಿದ್ದರೆ ಅನುಮಾನ ಎಂದು. ಇಂಗ್ಲಿಷ್‌ನಲ್ಲೇ ಬರೆಯುವವರು ತಮಗಾಗಿ ಮಾಡಿಕೊಂಡದ್ದು. ಅದನ್ನು ನಕಲು ಮಾಡಿದರೆ ಕನ್ನಡದಲ್ಲಿ ವಿಷಯ ಬರೆದ ಪ್ರತಿಯೊಂದು ಪತ್ರಕ್ಕೂ ಗುರುತು ಬೀಳುತ್ತದೆ. ವಾರ್ಷಿಕ ಮಹಾಸಭೆಯ ಆಹ್ವಾನ, ಸದಸ್ಯರ ದೂರು, ಎಲ್ಲವೂ. ನಮ್ಮ ಭಾಷೆಯಲ್ಲಿ ಬರೆಯುವುದನ್ನೇ ಅಪರಾಧ ಎಂದು ಎಣಿಸುವ ನಿಯಮ ಕರ್ನಾಟಕದ ಯಾವ ಸರ್ವರ್‌ನಲ್ಲೂ ಇರಕೂಡದು. ಬೇರೆಯವರಿಂದ ಪಡೆದ ಹೆಡರ್_ಚೆಕ್ಸ್ ಕಡತವಿದ್ದರೆ ದಯವಿಟ್ಟು ಈಗಲೇ ತೆರೆದು ನೋಡಿ.

ತುಂಗಾತೀರ

ಇದೆ! ನನಗಿಂತ ಮೊದಲಿದ್ದವರು ಹಾಕಿದ ಕಡತದಲ್ಲಿ ಆ ಸಾಲು ಇದೆ, ಕ್ರಿಯೆ 'ಹೋಲ್ಡ್' (ಸರತಿಯಲ್ಲಿ ತಡೆದಿಡು). ಒಂದು ಶಾಖೆಯವರು ಪತ್ರ ತಡವಾಗುತ್ತದೆ ಎಂದು ಪದೇ ಪದೇ ಹೇಳುತ್ತಿದ್ದರು, ಅವರು ಕನ್ನಡದಲ್ಲೇ ಬರೆಯುವವರು. ತೆಗೆದುಹಾಕಿದೆ, ಸರತಿಯಲ್ಲಿ ನಿಂತಿದ್ದನ್ನು ಪೋಸ್ಟ್‌ಸೂಪರ್ -ಎಚ್ (ದೊಡ್ಡ ಅಕ್ಷರದ ಎಚ್) ಕೊಟ್ಟು ಬಿಡುಗಡೆ ಮಾಡಿದೆ. ತುಂಬಾ ಧನ್ಯವಾದ.

ಅಂಚೆಮನೆ ಸರ್ ಹೇಳಿದಂತೆ ಡೇಟಾ ಪಟ್ಟಿಗೆ ಬದಲಾಯಿಸಿದೆ. ಹೆಡರ್ ಈಗ ಒಂದೇ ಬರುತ್ತಿದೆ. ರಿಲೇ ಪಟ್ಟಿ ಖಾಲಿ ಇರಲಿಲ್ಲ, ಆದರೂ ಆ 'ಓಕೆ' ಸಾಲುಗಳನ್ನು ಕಿತ್ತುಹಾಕಿದ್ದೇನೆ.

ಇನ್ನೊಂದು ಕೇಳುತ್ತೇನೆ. ಸ್ಪ್ಯಾಮ್‌ಹೌಸ್ (ಕಸಪತ್ರ ಕಳುಹಿಸುವ ಐಪಿಗಳ ಪಟ್ಟಿ ಇಡುವ ಸಂಸ್ಥೆ) ಪಟ್ಟಿಯಲ್ಲಿರುವ ಐಪಿಗೂ ಇದೇ ರೀತಿ ಗುರುತು ಹಾಕಬಹುದೇ?

ಹಳೇಬೇರು

ಪೋಸ್ಟ್‌ಫಿಕ್ಸ್‌ನ ಆಕ್ಸೆಸ್ ನಿಯಮಗಳಿಂದ ಮಾತ್ರವೇ ಆಗುವುದಿಲ್ಲ. ರಿಜೆಕ್ಟ್_ಆರ್‌ಬಿಎಲ್_ಕ್ಲಯಂಟ್ ತಿರಸ್ಕರಿಸುತ್ತದೆ, ವಾರ್ನ್_ಇಫ್_ರಿಜೆಕ್ಟ್ ಸೇರಿಸಿದರೆ ಲಾಗ್ ಬರೆಯುತ್ತದೆ. 'ಪಟ್ಟಿಯಲ್ಲಿದ್ದರೆ ಹೆಡರ್ ಹಾಕು' ಎನ್ನುವ ದಾರಿ ಅದರಲ್ಲಿ ಇಲ್ಲ. ಪಾಲಿಸಿ ಸರ್ವರ್ ಅಥವಾ ಮಿಲ್ಟರ್ (ಪೋಸ್ಟ್‌ಫಿಕ್ಸ್ ಪತ್ರದ ಬಗ್ಗೆ ಕೇಳುವ ಹೊರಗಿನ ತಂತ್ರಾಂಶಗಳು) ಬೇಕು. ನಾನು ಎಕ್ಸಿಮ್ ಎಂಬ ಬೇರೆ ಇಮೇಲ್ ಸರ್ವರ್ ಬಳಸುವವನು, ಅಲ್ಲಿ ಇದು ಸಲೀಸು. ಎಸಿಎಲ್‌ನಲ್ಲಿ (ಎಕ್ಸಿಮ್‌ನ ತಪಾಸಣೆ ನಿಯಮಗಳ ಪಟ್ಟಿ) 'ವಾರ್ನ್' ಎಂದು ಬರೆದು, ಡಿಎನ್‌ಎಸ್‌ಲಿಸ್ಟ್ಸ್ ಷರತ್ತು ಕೊಟ್ಟು, ಕೆಳಗೆ ಆಡ್_ಹೆಡರ್ ಬರೆದರೆ ಮುಗಿಯಿತು. ಒಂದೇ ಹೆಡರ್ ಅನ್ನು ಹಲವು ಆರ್‌ಸಿಪಿಟಿಗಳಲ್ಲಿ ಕೇಳಿದರೂ ಎಕ್ಸಿಮ್ ಒಂದನ್ನೇ ಸೇರಿಸುತ್ತದೆ, ಹಾಗಾಗಿ ನಿಮ್ಮ ಮೂರು ಹೆಡರ್‌ಗಳ ತೊಂದರೆ ನಮಗಿಲ್ಲ. ಹಾಗೆಂದು ಇದೊಂದಕ್ಕಾಗಿ ಸರ್ವರ್ ಬದಲಿಸಿ ಎನ್ನುವುದಿಲ್ಲ.

ಯಾವುದನ್ನೇ ಬಳಸಿ, 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಸ್ಪ್ಯಾಮ್‌ಹೌಸ್ ಕೇಳಬೇಡಿ. ಅಂಥ ಕಡೆಯಿಂದ ಕೇಳಿದರೆ 127.255.255.254 ಎಂಬ ಉತ್ತರ ಬರುತ್ತದೆ. 'ನಿಮಗೆ ಉತ್ತರಿಸುವುದಿಲ್ಲ' ಎಂಬುದು ಅದರ ಅರ್ಥ. ಆದರೆ ಉತ್ತರ ಬಂದಿತೆಂಬುದನ್ನಷ್ಟೇ ನೋಡುವ ನಿಯಮ ಐಪಿ ಪಟ್ಟಿಯಲ್ಲಿದೆ ಎಂದೇ ತಿಳಿಯುತ್ತದೆ. ಆಗ ಬರುವ ಪತ್ರವೆಲ್ಲ ಅಪರಾಧಿ. ಸರ್ವರ್‌ನಲ್ಲೇ ಅನ್‌ಬೌಂಡ್ ಎಂಬ ಡಿಎನ್‌ಎಸ್ ತಂತ್ರಾಂಶ ಹಾಕಿಕೊಳ್ಳಿ. ಜೊತೆಗೆ ನಿಯಮದಲ್ಲಿ ಉತ್ತರವನ್ನು 127.0.0.2ರಿಂದ 127.0.0.11ರ ವ್ಯಾಪ್ತಿಗೆ ಸೀಮಿತಗೊಳಿಸಿ. ಪೋಸ್ಟ್‌ಫಿಕ್ಸ್‌ನಲ್ಲಿ 127.0.0.[2..11] ಎಂದು ಬರೆದರೆ ಸಾಕು.

ಬಯಲುಸೀಮೆ

ಆರ್‌ಸ್ಪ್ಯಾಮ್‌ಡಿ ಹಾಕುವುದಾದರೆ ಮೂಲ ಸ್ಥಿತಿಯಲ್ಲಿ 4 ಅಂಕಕ್ಕೆ ಗ್ರೇಲಿಸ್ಟ್ (ಆಮೇಲೆ ಮತ್ತೆ ಕಳುಹಿಸಿ ಎಂಬ ತಾತ್ಕಾಲಿಕ ತಡೆ), 6ಕ್ಕೆ ಹೆಡರ್, 15ಕ್ಕೆ ತಿರಸ್ಕಾರ. ನೀವು ಹುಡುಕುತ್ತಿರುವುದು ಆ ಮಧ್ಯದ 6. ಮಿಲ್ಟರ್ ಆಗಿ 11332ನೇ ಪೋರ್ಟ್‌ನಲ್ಲಿ ಸಿಗುತ್ತದೆ.

ಮತ್ತೊಂದು ಎಚ್ಚರಿಕೆ: ಹೊರಗಿನವರು ತಾವೇ ಎಕ್ಸ್-ಸಂಘ-ಎಚ್ಚರ ಎಂಬ ಹೆಡರ್ ಬರೆದು ಕಳುಹಿಸಬಹುದು. ಹೆಡರ್_ಚೆಕ್ಸ್‌ನಲ್ಲಿ 'ಇಗ್ನೋರ್' ಹಾಕಿ ಅಂಥದ್ದನ್ನು ಕಿತ್ತುಹಾಕಿ.

ಅಂಚೆಮನೆ

ಹಾಗೆ ಮಾಡಬೇಡಿ! ಎಸ್‌ಎಂಟಿಪಿಡಿ (ಪೋಸ್ಟ್‌ಫಿಕ್ಸ್‌ನಲ್ಲಿ ಪತ್ರ ಪಡೆಯುವ ಭಾಗ) ಸೇರಿಸಿದ ಹೆಡರ್ ಕೂಡ ಕ್ಲೀನಪ್ (ಹೆಡರ್_ಚೆಕ್ಸ್ ನಡೆಸುವ ಭಾಗ) ಮೂಲಕವೇ ಹಾದುಹೋಗುತ್ತದೆ, ಹೆಡರ್_ಚೆಕ್ಸ್ ಕಣ್ಣಿಗೆ ಅದೂ ಬೀಳುತ್ತದೆ. 'ಇಗ್ನೋರ್' ಹಾಕಿದರೆ ನಿಮ್ಮ ಗುರುತನ್ನು ನೀವೇ ಅಳಿಸಿದಂತೆ.

ಅದೂ ಅಲ್ಲದೆ, 'ನನ್ನ ಮೇಲೆ ಅನುಮಾನವಿದೆ' ಎಂದು ತಾನೇ ಬರೆದುಕೊಂಡು ಬರುವ ವಂಚಕನಿಗೆ ಏನು ಲಾಭ? ನಕಲಿಯಾಗುವುದು ಒಳ್ಳೆಯ ಗುರುತುಗಳು. 'ಎಕ್ಸ್-ಸ್ಪ್ಯಾಮ್-ಫ್ಲ್ಯಾಗ್: ನೋ' ಎಂದು ಬರೆದುಕೊಂಡು ಬರುತ್ತಾರೆ. ಅಥವಾ ನಿಮ್ಮ ಸರ್ವರ್ ಹೆಸರು ಹಾಕಿ ಅಥೆಂಟಿಕೇಶನ್-ರಿಸಲ್ಟ್ಸ್ (ಎಸ್‌ಪಿಎಫ್, ಡಿಕಿಮ್ ತಪಾಸಣೆಯ ಫಲಿತಾಂಶ) ಹೆಡರ್ ಸೃಷ್ಟಿಸುತ್ತಾರೆ. ಈ ಎರಡನೆಯದನ್ನು ಒಳಬರುವಾಗಲೇ ತೆಗೆಯಬೇಕೆಂದು ಆರ್‌ಎಫ್‌ಸಿ 8601 ಎಂಬ ಇಂಟರ್ನೆಟ್ ಮಾನದಂಡ ಹೇಳುತ್ತದೆ. ಆದ್ದರಿಂದ ಮುಂದಿನ ಹಂತದಲ್ಲಿ ನಿಯಮ ಬರೆಯುವಾಗ ಎಚ್ಚರದ ಹೆಡರ್ ಇದ್ದರೆ ಏನು ಮಾಡಬೇಕು ಎಂದು ಮಾತ್ರ ಬರೆಯಿರಿ. ಯಾವುದೋ ಹೆಡರ್ ಇದೆ ಎಂಬ ಕಾರಣಕ್ಕೆ ಪತ್ರವನ್ನು ನಂಬುವ ನಿಯಮ ಬೇಡ.

ನೇತ್ರಾವತಿ

ಆ ಮುಂದಿನ ಹಂತವನ್ನು ಬಿಟ್ಟರೆ ಇಲ್ಲಿಯವರೆಗಿನ ಶ್ರಮ ವ್ಯರ್ಥ. ಮೊಬೈಲ್‌ನಲ್ಲಿ ಎಕ್ಸ್ ಹೆಡರ್ ಯಾರ ಕಣ್ಣಿಗೂ ಬೀಳುವುದಿಲ್ಲ. ಲೆಕ್ಕಪತ್ರದವರಿಗೆ ಕಾಣುವಂತೆ ಮಾಡಬೇಕು.

ಡವ್‌ಕಾಟ್‌ನ ಸೀವ್‌ನಲ್ಲಿ (ಪತ್ರ ಪೆಟ್ಟಿಗೆಗೆ ಬೀಳುವಾಗ ನಡೆಯುವ ನಿಯಮಗಳು) ಎಲ್ಲರಿಗೂ ಮೊದಲೇ ಓಡುವ ಒಂದು ಸ್ಕ್ರಿಪ್ಟ್ ಇಡಿ. ಡವ್‌ಕಾಟ್ 2.4ರಿಂದ ಸಂರಚನೆ ಬರೆಯುವ ಕ್ರಮ ಬದಲಾಗಿದೆ, ನಿಮ್ಮ ಆವೃತ್ತಿ ನೋಡಿಕೊಳ್ಳಿ. ಗುರುತಿದ್ದರೆ ಬೇರೆ ಫೋಲ್ಡರ್‌ಗೆ ಹಾಕುವುದು ಸುಲಭ, ಆದರೆ ಪಾಪ್3 (ಪತ್ರಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ ಹಳೆಯ ವಿಧಾನ) ಬಳಸುವವರಿಗೆ ಇನ್‌ಬಾಕ್ಸ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಶಾಖೆಗಳ ಹಳೆಯ ಕಂಪ್ಯೂಟರ್‌ಗಳಲ್ಲಿ ಪಾಪ್3 ಇನ್ನೂ ಇರಬಹುದು, ವಿಚಾರಿಸಿ. ಬಯಲುಸೀಮೆಯವರು ಹೇಳಿದ 'ಕೊಳೆಯುವುದು' ನಿಜವಾಗಿ ಆಗುವುದು ಅಲ್ಲಿ.

ನನ್ನ ಸಲಹೆ: ಫೋಲ್ಡರ್ ಬೇಡ, ಇನ್‌ಬಾಕ್ಸ್‌ನಲ್ಲೇ ಇರಲಿ, ವಿಷಯದ ಸಾಲಿನ ಮುಂದೆ ಒಂದು ಎಚ್ಚರಿಕೆ ಸೇರಲಿ. ವಿಷಯದ ಸಾಲನ್ನು ದಾರಿಯ ಮಧ್ಯೆ ತಿದ್ದಿದರೆ ಡಿಕಿಮ್ ಸಹಿ ಮುರಿಯುತ್ತದೆ, ಆ ಪತ್ರ ಮುಂದೆ ಬೇರೆಡೆಗೆ ಹೋದರೆ ತೊಂದರೆ. ಮೇಲೊಂದು ಹೊಸ ಹೆಡರ್ ಸೇರಿಸಿದರೆ ಸಾಮಾನ್ಯವಾಗಿ ಸಹಿಗೆ ಧಕ್ಕೆಯಿಲ್ಲ. ಆದ್ದರಿಂದ ಪೋಸ್ಟ್‌ಫಿಕ್ಸ್ ಎಕ್ಸ್ ಹೆಡರ್ ಮಾತ್ರ ಹಾಕಲಿ, ವಿಷಯದ ಸಾಲನ್ನು ಪೆಟ್ಟಿಗೆಗೆ ಬೀಳುವ ಕೊನೆಯ ಕ್ಷಣದಲ್ಲಿ ಸೀವ್ ತಿದ್ದಲಿ. ಅದಕ್ಕೆ ಎಡಿಟ್‌ಹೆಡರ್ ವಿಸ್ತರಣೆಯನ್ನು ನೀವೇ ಸಕ್ರಿಯಗೊಳಿಸಬೇಕು. ಹಳೆಯ ವಿಷಯವನ್ನು ಚರದಲ್ಲಿ ಹಿಡಿದು, ಹೆಡರ್ ಅಳಿಸಿ, ಹೊಸದಾಗಿ ಬರೆಯಬೇಕು.

ಎಚ್ಚರಿಕೆ ಎರಡು ಬಗೆಯದಾಗಿರಲಿ. 'ಹೆಸರು' ಎಂಬ ಗುರುತಿಗೆ ವಿಷಯದ ಮುಂದೆ 'ಹೊರಗಿನ ವಿಳಾಸ' ಎಂದು ದೊಡ್ಡದಾಗಿ ಬರಲಿ. 'ಹೋಸ್ಟ್' ಗುರುತಿಗೆ ವಿಷಯ ಮುಟ್ಟಬೇಡಿ, ನಿಮ್ಮ ತಪಾಸಣೆಗೆ ಮಾತ್ರ ಇರಲಿ. ಹತ್ತರಲ್ಲಿ ನಾಲ್ಕು ಪತ್ರಕ್ಕೆ ಎಚ್ಚರಿಕೆ ಬಿದ್ದರೆ ಲೆಕ್ಕಿಗರು ಅದನ್ನು ಓದುವುದನ್ನೇ ಬಿಡುತ್ತಾರೆ. ಆಮೇಲೆ ನಿಜವಾದ ವಂಚನೆ ಬಂದ ದಿನ ಅವರನ್ನು ದೂರುವುದು ನ್ಯಾಯವಲ್ಲ.

ತುಂಗಾತೀರ

ಇದು ನನಗೆ ಹೊಳೆದಿರಲಿಲ್ಲ, ಹಾಗೆಯೇ ಮಾಡುತ್ತೇನೆ. ಹಾಕುವ ಮೊದಲು ಪರೀಕ್ಷಿಸುವುದು ಹೇಗೆ? ಹೊರಗಿನ ಐಪಿಯಿಂದ ಬಂದಂತೆ ತೋರಿಸಲು ನನ್ನಲ್ಲಿ ಬೇರೆ ಸರ್ವರ್ ಇಲ್ಲ.

ಅಂಚೆಮನೆ

ಕೋಷ್ಟಕಕ್ಕೆ ಪೋಸ್ಟ್‌ಮ್ಯಾಪ್ -ಕ್ಯೂ ಸಾಕು. 'ಅನ್‌ನೋನ್' ಎಂದು ಕೇಳಿ, ಬಲಬದಿಯ ಸಾಲು ಹಾಗೆಯೇ ಬರಬೇಕು. ಏನೂ ಬರದಿದ್ದರೆ ಪೋಸ್ಟ್‌ಮ್ಯಾಪ್ ಓಡಿಸಿಲ್ಲ, ಇಲ್ಲವೇ ಕೋಷ್ಟಕದ ಬಗೆ ತಪ್ಪಾಗಿದೆ. ಪೋಸ್ಟ್‌ಕಾನ್ಫ್ -ಎಂ ಕೊಟ್ಟರೆ ನಿಮ್ಮಲ್ಲಿ ಯಾವ ಬಗೆಗಳಿವೆ ಎಂದು ತಿಳಿಯುತ್ತದೆ. ಹೆಡರ್ ನಿಯಮಕ್ಕೂ ಇದೇ ಆದೇಶ, ಪೂರ್ತಿ ಫ್ರಮ್ ಸಾಲನ್ನು ಉದ್ಧರಣ ಚಿಹ್ನೆಯಲ್ಲಿ ಕೊಡಿ.

ಪೂರ್ತಿ ಹಾದಿಯ ಪರೀಕ್ಷೆಗೆ ಸ್ವಾಕ್ಸ್ (ಪರೀಕ್ಷೆಯ ಪತ್ರ ಕಳುಹಿಸುವ ಉಪಕರಣ) ಬಳಸಿ. ಲೋಕಲ್‌ಹೋಸ್ಟ್‌ನಿಂದ ಕಳುಹಿಸಿದರೆ ಪರ್ಮಿಟ್_ಮೈನೆಟ್‌ವರ್ಕ್ಸ್ ನಿಮ್ಮನ್ನು ದಾಟಿಸಿಬಿಡುತ್ತದೆ, ಗುರುತು ಬೀಳುವುದಿಲ್ಲ. ಅದಕ್ಕೆ ಬೇರೆ ಕಡೆಯಿಂದ ಬಂದಂತೆ ತೋರಿಸುವ ಎಕ್ಸ್‌ಕ್ಲಯಂಟ್ ಆದೇಶ ಇದೆ: ಎಸ್‌ಎಂಟಿಪಿಡಿ_ಅಥರೈಸ್ಡ್_ಎಕ್ಸ್‌ಕ್ಲಯಂಟ್_ಹೋಸ್ಟ್ಸ್‌ನಲ್ಲಿ 127.0.0.1 ಬರೆದು, ಸ್ವಾಕ್ಸ್‌ಗೆ ಎಕ್ಸ್‌ಕ್ಲಯಂಟ್ ಆಯ್ಕೆಯಲ್ಲಿ ಬೇರೊಂದು ಐಪಿ ಕೊಡಿ. ದಾಖಲೆಗಳಿಗೆಂದೇ ಮೀಸಲಿರುವ 192.0.2.1 ಕೊಡಬಹುದು. ಮೂರು ಖಾತೆಗಳಿಗೆ ಒಂದೇ ಪತ್ರ ಕಳುಹಿಸಿ ಹೆಡರ್ ಎಣಿಸಿ. ಪರೀಕ್ಷೆ ಮುಗಿದ ಕೂಡಲೇ ಆ ಅನುಮತಿ ತೆಗೆದುಬಿಡಿ.

ತುಂಗಾತೀರ

ಸ್ವಾಕ್ಸ್‌ನಲ್ಲಿ ನೋಡಿದೆ, ಹೋಸ್ಟ್ ಗುರುತು ಒಂದು, ಹೆಸರಿನ ಗುರುತು ಒಂದು, ವಿಷಯದ ಸಾಲಿನಲ್ಲಿ ಎಚ್ಚರಿಕೆ ಬಂದಿದೆ. ಆದರೆ ನಮ್ಮ ಜಾಲತಾಣದ ಅರ್ಜಿ ನಮೂನೆಯಿಂದ ಬರುವ ಪತ್ರಕ್ಕೂ 'ಹೋಸ್ಟ್' ಗುರುತು ಬೀಳುತ್ತಿದೆ. ಆ ಜಾಲತಾಣ ಹೊರಗಿನ ಹಂಚಿಕೆಯ ಸರ್ವರ್‌ನಲ್ಲಿದೆ. ಅದರ ಐಪಿಯನ್ನು ಮೈನೆಟ್‌ವರ್ಕ್ಸ್‌ಗೆ ಸೇರಿಸಿಬಿಡಲೇ?

ಅಂಚೆಮನೆ

ಖಂಡಿತ ಬೇಡ. ಹಂಚಿಕೆಯ ಸರ್ವರ್ ಎಂದರೆ ಅದೇ ಐಪಿಯಲ್ಲಿ ಇನ್ನೂ ಎಷ್ಟೋ ಜನರ ಜಾಲತಾಣಗಳಿವೆ. ಮೈನೆಟ್‌ವರ್ಕ್ಸ್‌ಗೆ ಸೇರಿಸಿದರೆ ಅವರೆಲ್ಲರಿಗೂ ನಿಮ್ಮ ಸರ್ವರ್ ಮೂಲಕ ಪತ್ರ ಕಳುಹಿಸುವ ಹಕ್ಕು ಕೊಟ್ಟಂತೆ. ನಮೂನೆಗೆಂದೇ ಒಂದು ಖಾತೆ ತೆರೆದು, 587ನೇ ಪೋರ್ಟ್‌ನಲ್ಲಿ ಗುಪ್ತಪದ ಕೊಟ್ಟು ಕಳುಹಿಸುವಂತೆ ಜಾಲತಾಣದವರಿಗೆ ಹೇಳಿ. ಆಗ ಪರ್ಮಿಟ್_ಎಸ್‌ಎಎಸ್‌ಎಲ್_ಅಥೆಂಟಿಕೇಟೆಡ್ ಸಾಲಿನಲ್ಲೇ ಅದು ದಾಟುತ್ತದೆ. ಆ ಖಾತೆಗೆ ಇನ್‌ಬಾಕ್ಸ್ ಬೇಡ, ಕಳುಹಿಸುವ ಹಕ್ಕು ಮಾತ್ರ ಸಾಕು.

ತುಂಗಾತೀರ

ಸರಿ ಸರ್. ಖಾತೆ ತೆರೆದು ಗುಪ್ತಪದವನ್ನು ಜಾಲತಾಣದವರಿಗೆ ತಲುಪಿಸಿದ್ದೇನೆ. ಅವರು ಬದಲಿಸುವವರೆಗೆ ಆ ಐಪಿ ಡೇಟಾ ಪಟ್ಟಿಯ ವಿನಾಯಿತಿ ಕೋಷ್ಟಕದಲ್ಲಿರುತ್ತದೆ, ಆಮೇಲೆ ತೆಗೆಯುತ್ತೇನೆ. ಶಾಖೆಗಳಲ್ಲಿ ಯಾರು ಪಾಪ್3 ಬಳಸುತ್ತಿದ್ದಾರೆ ಎಂದು ಡವ್‌ಕಾಟ್ ಲಾಗ್‌ನಲ್ಲಿ ಹುಡುಕುವುದು ನಾಳೆಯ ಕೆಲಸ.